‘ಕಂಡುಬರಲಿಲ್ಲ’ ಎಂಬ ಮಾತಿನ ಅರ್ಥ: ಆಹಾರದಲ್ಲಿನ ಕೀಟನಾಶಕ ಶೇಷವೂ ಅದನ್ನು ಹೊರತೆಗೆಯುವ ಬಗೆಯೂ

ಪ್ರಮಾಣಗಳನ್ನು ವಿಚಾರಿಸುವಲ್ಲಿ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬುದೊಂದನ್ನು ಆರನೆಯ ಪ್ರಮಾಣವಾಗಿ ಅಂಗೀಕರಿಸುವರು. ಎದುರಿನ ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ. ಆದುದರಿಂದ ಅಲ್ಲಿ ಗಡಿಗೆಯಿಲ್ಲವೆಂಬ ಜ್ಞಾನ ನಮಗುಂಟಾಗುತ್ತದೆ. ಇದು ಬಾಲಕರಿಗೂ ತಿಳಿಯುವ ಮಾತು. ಆದರೆ ಶಾಸ್ತ್ರಕಾರರು ಅಷ್ಟಕ್ಕೇ ಬಿಡಲಿಲ್ಲ. ಕಾಣದಿರುವಿಕೆಯು ಇಲ್ಲದಿರುವಿಕೆಗೆ ಪ್ರಮಾಣವಾಗಬೇಕಾದರೆ, ವಸ್ತುವು ಅಲ್ಲಿ ಇದ್ದಿದ್ದರೆ ಕಂಡೇ ತೀರುವಂತಹ ಸನ್ನಿವೇಶವಿರಬೇಕೆಂದು ನಿಬಂಧನೆ ಹಾಕಿದರು. ಇದನ್ನೇ ‘ಯೋಗ್ಯಾನುಪಲಬ್ಧಿ’ ಎನ್ನುವುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಡಿಗೆಯೇ ಇಲ್ಲವೆನ್ನಲಾಗದು. ದೀಪ ಹಚ್ಚಿ ನೋಡಿದ ಮೇಲೂ ಕಾಣದಿದ್ದರೆ ಆಗ ಇಲ್ಲವೆನ್ನಬಹುದು.

ಈ ಹಳೆಯ ವಿಚಾರವು ಇಂದಿನ ಹೊಸ ವ್ಯವಹಾರವೊಂದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ದ್ರಾಕ್ಷಿ ಬೆಳೆಯುವವರು ಹಲವರಿದ್ದಾರೆ. ಪ್ರಯೋಗಾಲಯದಿಂದ ಬಂದ ಇಂಗ್ಲಿಷ್ ವರದಿಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದು ಅವರು ನನ್ನ ಬಳಿಗೆ ತಂದದ್ದುಂಟು. ನಾನು ಭಾಷೆಯ ಪಂಡಿತನೇ ಹೊರತು ರಸಾಯನಶಾಸ್ತ್ರಜ್ಞನಲ್ಲ. ಆದರೂ ಅರ್ಥ ಹೇಳಬೇಕಾದವನು ಅರ್ಥ ತಿಳಿದಿರಬೇಕಷ್ಟೆ. ಬಲ್ಲವರನ್ನು ಕೇಳಿಯೂ ಗ್ರಂಥಗಳನ್ನು ನೋಡಿಯೂ ತಿಳಿದುಕೊಂಡೆನು. ಆ ವರದಿಗಳಲ್ಲಿ ಔಷಧಿಗಳ ಹೆಸರು ಸಾಲುಸಾಲಾಗಿ ಇರುತ್ತವೆ. ಬಹುಪಾಲು ಹೆಸರುಗಳ ಮುಂದೆ ‘ಕಂಡುಬರಲಿಲ್ಲ’ ಎಂದಿರುತ್ತದೆ. ತಂದವರು ಅದನ್ನು ‘ಇಲ್ಲ’ ಎಂದು ಓದಿಕೊಂಡು ನೆಮ್ಮದಿಪಡುವರು. ಈ ಎರಡು ಮಾತುಗಳ ನಡುವೆ ಇರುವ ಅಂತರವು ಕೆಲವೊಮ್ಮೆ ಒಂದು ವರ್ಷದ ಬೆಳೆಯಷ್ಟು ದೊಡ್ಡದು.

ವಿಷಪ್ರಮಾದಗಳು ತಮ್ಮನ್ನು ತಾವೇ ಸಾರಿಕೊಳ್ಳುತ್ತವೆ. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಥಿಯಾನ್ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಹಿನ್ನೆಲೆಯಲ್ಲಿಯೇ ೧೯೬೮ರ ಕೀಟನಾಶಕ ಕಾಯಿದೆ ಬಂದಿತು. ೨೦೧೩ರ ಜುಲೈನಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಾನೋಕ್ರೋಟೊಫಾಸ್ ಸೇರಿದ ಮಧ್ಯಾಹ್ನದೂಟ ಉಂಡ ಮಕ್ಕಳಲ್ಲಿ ೨೩ ಮಂದಿ ಮಡಿದರು. ಮಕ್ಕಳಿಗೆ ಅನ್ನ ಬಡಿಸುವ ಯಾವ ಸಂಸ್ಥೆಯೂ ಮರೆಯಲಾಗದ ಸಂಗತಿಯಿದು. ಆದರೆ ಬೆಳೆಗೆ ಸಿಂಪಡಿಸಿದ ಮೇಲೆ ಹಣ್ಣಿನಲ್ಲಿಯೋ ಕಾಳಿನಲ್ಲಿಯೋ ಉಳಿಯುವ ಶೇಷವು ಹೀಗೆ ಕೂಗಿ ಹೇಳುವುದಿಲ್ಲ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಪ್ರಯೋಗಾಲಯವೊಂದೇ ಅದಕ್ಕೆ ಸಾಕ್ಷಿ. ಆ ಸಾಕ್ಷಿ ನುಡಿಯಬೇಕಾದ ಅಳತೆಯೋ ಅತಿ ಸೂಕ್ಷ್ಮವಾದುದು. ಬೇರೆ ಮಿತಿಯನ್ನು ಗೊತ್ತುಪಡಿಸದೆ ಇದ್ದಲ್ಲಿ ನಮ್ಮ ದೇಶದಲ್ಲಿಯೂ ಯುರೋಪಿನಲ್ಲಿಯೂ ಸಾಮಾನ್ಯವಾಗಿ ಹಿಡಿಯುವ ಮಿತಿ ಒಂದು ಕಿಲೋಗ್ರಾಂ ಆಹಾರಕ್ಕೆ ೦.೦೧ ಮಿಲಿಗ್ರಾಂ. ಎಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಲಾರಿಯೊಂದಕ್ಕೆ ಹತ್ತು ಟನ್ನಿನಂತೆ ಹತ್ತು ಲಾರಿ ದ್ರಾಕ್ಷಿಯಲ್ಲಿ ಒಂದೇ ಒಂದು ಗ್ರಾಂ ಔಷಧಿಯನ್ನು ಹುಡುಕಿದಂತೆ.

ಇಷ್ಟು ಸೂಕ್ಷ್ಮವನ್ನು ಅಳೆಯುವ ಯಂತ್ರಗಳು ಈಗ ಇವೆ. ಅವುಗಳ ಬೆಲೆಯನ್ನೂ ಬಲವನ್ನೂ ಕುರಿತು ಜನ ಬೆರಗಾಗಿ ಮಾತನಾಡುವುದುಂಟು. ಆದರೆ ಯಂತ್ರವು ದ್ರಾಕ್ಷಿಯನ್ನು ನೋಡುವುದಿಲ್ಲ. ದ್ರಾಕ್ಷಿಯಿಂದ ಹೊರತೆಗೆದು ತನ್ನ ಬಾಯಿಗೆ ಹಾಕಿದ ಒಂದೆರಡು ತೊಟ್ಟು ದ್ರವವನ್ನು ಮಾತ್ರ ನೋಡುತ್ತದೆ. ಆ ದ್ರವಕ್ಕೆ ಬಾರದೆ ಸಿಪ್ಪೆ ತಿರುಳುಗಳಲ್ಲಿಯೇ ಉಳಿದುದು ಅದರ ಪಾಲಿಗೆ ಇಲ್ಲವೇ ಇಲ್ಲ. ಹೀಗೆ ಹೊರಗೆಳೆಯುವ ಕ್ರಿಯೆಗೆ ವಿಜ್ಞಾನದ ಬರಹಗಳಲ್ಲಿ ‘ನಿಷ್ಕರ್ಷಣ’ ಎಂಬ ಮಾತು ಬಳಕೆಯಲ್ಲಿದೆ. ಒಳ್ಳೆಯ ಮಾತು. ಎಳೆಯುವುದೆಂಬ ಅರ್ಥದ ‘ಕೃಷ್’ ಧಾತುವಿಗೆ ಹೊರಕ್ಕೆ ಎಂಬ ಅರ್ಥದ ಉಪಸರ್ಗ ಸೇರಿ ಆದುದು. ನೇಗಿಲೆಳೆಯುವ ‘ಕೃಷಿ’ಯೂ ಇದೇ ಧಾತುವಿನಿಂದ ಬಂದುದು. ಕನ್ನಡದಲ್ಲಿ ‘ನಿಷ್ಕರ್ಷೆ’ ಎಂದರೆ ನಿರ್ಣಯವೆಂಬ ಅರ್ಥವೂ ಉಂಟು. ಪ್ರಯೋಗಾಲಯದ ಮಟ್ಟಿಗೆ ಈ ಎರಡು ಅರ್ಥಗಳೂ ಒಂದೇ ಎನ್ನಬೇಕು: ಹೊರಗೆ ಎಳೆದದ್ದೆಷ್ಟೋ ನಿರ್ಣಯವೂ ಅಷ್ಟೇ.

ಆಯುರ್ವೇದವನ್ನು ಬಲ್ಲವರಿಗೆ ಈ ಸಂಗತಿ ಹೊಸದೇನಲ್ಲ. ಚರಕಸಂಹಿತೆಯು ಕಷಾಯಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಶೃತ, ತಣ್ಣೀರಿನಲ್ಲಿ ನೆನೆಯಿಟ್ಟ ಶೀತ, ಬಿಸಿನೀರಿನಲ್ಲಿ ಅದ್ದಿ ಕಿವುಚಿದ ಫಾಂಟ. ಮೂಲಿಕೆ ಒಂದೇ, ಆದರೆ ಐದರ ಬಲ ಐದು ಬಗೆ. ಇದಲ್ಲದೆ ತೈಲಪಾಕ ಬೇರೆ, ಆಸವಾರಿಷ್ಟಗಳು ಬೇರೆ. ನೀರಿಗೆ ಬಾರದ ಗುಣ ಎಣ್ಣೆಗೆ ಬರುತ್ತದೆ. ಅಷ್ಟು ದೂರವೇಕೆ, ಅಡುಗೆಮನೆಯಲ್ಲಿಯೇ ನೋಡಬಹುದು. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗದೆ ಎಣ್ಣೆಯ ಒಗ್ಗರಣೆಯಲ್ಲಿ ಬಿಡುತ್ತದೆ. ಉಪ್ಪು ಎಣ್ಣೆಯಲ್ಲಿ ಎಷ್ಟು ಕಾಯಿಸಿದರೂ ಕರಗದೆ ತಳದಲ್ಲಿ ನಿಲ್ಲುತ್ತದೆ. ಕೀಟನಾಶಕಗಳಲ್ಲಿಯೂ ಅರಿಶಿನದ ಜಾತಿಯವು ಇವೆ, ಉಪ್ಪಿನ ಜಾತಿಯವೂ ಇವೆ.

ಈಗ ದ್ರಾಕ್ಷಿಯ ಸಂಗತಿಗೆ ಬರೋಣ. ವಿಜಯಪುರ ಜಿಲ್ಲೆಯ ತಿಕೋಟಾ ಮೊದಲಾದ ಕಡೆಗಳಲ್ಲಿ ಬೆಳೆಯುವ ಬೀಜರಹಿತ ದ್ರಾಕ್ಷಿಯಾಗಲಿ, ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿಯಾಗಲಿ ಪರೀಕ್ಷೆಗೆ ಹೋದಾಗ ಮೊದಲು ಆಗುವುದು ಅರೆಯುವ ಕೆಲಸ. ಇಲ್ಲಿಯೇ ಮೊದಲನೆಯ ಸೋರಿಕೆ. ಹಣ್ಣು ಅರೆದೊಡನೆ ಸಿಪ್ಪೆಯ ಮೇಲಿದ್ದ ಔಷಧಿಯು ಒಳಗಿನ ರಸದೊಡನೆಯೂ ಕಿಣ್ವಗಳೊಡನೆಯೂ ಬೆರೆಯುತ್ತದೆ. ಕ್ಯಾಪ್ಟಾನ್, ಕ್ಲೋರೋಥಲೋನಿಲ್ ಮುಂತಾದವು ಕೋಣೆಯ ಬಿಸುಪಿನಲ್ಲಿ ಅರೆಯುವಾಗಲೇ ಕೆಲವು ಪದಾರ್ಥಗಳಲ್ಲಿ ಬಹುಭಾಗ ನಾಶವಾಗುವುದುಂಟು. ಆದುದರಿಂದ ಎಚ್ಚರವುಳ್ಳ ಪ್ರಯೋಗಾಲಯದವರು ಸೊನ್ನೆಗಿಂತ ೭೮ ಡಿಗ್ರಿ ಕೆಳಗಿರುವ ಒಣಮಂಜನ್ನು, ಎಂದರೆ ಘನೀಭವಿಸಿದ ಇಂಗಾಲದ ಡೈ ಆಕ್ಸೈಡನ್ನು, ಸೇರಿಸಿ ಹಣ್ಣನ್ನು ಹಿಮದಂತೆ ಗಟ್ಟಿಮಾಡಿ ಪುಡಿಮಾಡುವರು. ಹಾಗೆ ಮಾಡಿದಾಗ ಪುಡಿಯೂ ನುಣ್ಣಗಾಗುತ್ತದೆ. ಕಿಲೋಗಟ್ಟಲೆ ಹಣ್ಣಿನ ಪರವಾಗಿ ಕೇವಲ ೧೦ ಗ್ರಾಂ ಸಾಕ್ಷಿ ಹೇಳಬೇಕಾದಾಗ ಈ ನುಣುಪು ಸಣ್ಣ ವಿಷಯವಲ್ಲ.

ಆಮೇಲೆ ದ್ರಾವಕದ ಆಯ್ಕೆ. ೧೯೭೫ರಲ್ಲಿ ಅಮೆರಿಕದ ಲ್ಯೂಕ್ ಮೊದಲಾದವರು ಅಸಿಟೋನಿನಿಂದ ಎಳೆದು ಬಳಿಕ ಡೈಕ್ಲೋರೋಮೀಥೇನಿಗೆ ವರ್ಗಾಯಿಸುವ ವಿಧಾನವನ್ನು ಪ್ರಕಟಿಸಿದರು. ಬಹುಕಾಲ ಅದೇ ನಡೆಯಿತು. ಆದರೆ ಆ ದ್ರಾವಕ ಮೈಗೂ ಪರಿಸರಕ್ಕೂ ಹಿತವಲ್ಲ. ೨೦೦೩ರಲ್ಲಿ ಅನಸ್ಟಾಸಿಯಾಡಿಸ್, ಲೆಹೋಟೇ ಮೊದಲಾದವರು ‘ಕ್ವೆಚರ್ಸ್’ ಎಂಬ ವಿಧಾನವನ್ನು ಹೊರತಂದರು. ಶೀಘ್ರ, ಸುಲಭ, ಅಗ್ಗ, ಸಫಲ, ದೃಢ, ನಿರಪಾಯ ಎಂಬ ಅರ್ಥ ಕೊಡುವ ಆರು ಇಂಗ್ಲಿಷ್ ಪದಗಳಿಂದ ಹೆಕ್ಕಿ ಕಟ್ಟಿದ ಹೆಸರದು. (ಹೆಸರಿಡುವುದರಲ್ಲಿ ಅವರ ಜಾಣ್ಮೆಯನ್ನು ಮೆಚ್ಚಬೇಕು, ಕಿವಿಗೆ ಮಾತ್ರ ಹಿತವಿಲ್ಲ.) ೧೦ ಗ್ರಾಂ ಅರೆದ ಹಣ್ಣಿಗೆ ೧೦ ಮಿಲಿಲೀಟರ್ ಅಸಿಟೋನೈಟ್ರೈಲ್ ಸುರಿದು ಕುಲುಕಿ, ೪ ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನೂ ೧ ಗ್ರಾಂ ಅಡುಗೆಯುಪ್ಪನ್ನೂ ಹಾಕಿ ಒಂದು ನಿಮಿಷ ಮತ್ತೆ ಕುಲುಕುವುದು. ಅಸಿಟೋನೈಟ್ರೈಲ್ ನೀರಿನೊಡನೆ ಬೆರೆಯುವ ದ್ರವವಾದುದರಿಂದ ಹಣ್ಣಿನ ಒಳಗೆ ಹೊಕ್ಕು ಹುಡುಕುತ್ತದೆ. ಉಪ್ಪು ಬಿದ್ದೊಡನೆ ನೀರಿನಿಂದ ಬೇರ್ಪಟ್ಟು ಮೇಲೆ ನಿಲ್ಲುತ್ತದೆ. ಮೆಗ್ನೀಸಿಯಂ ಸಲ್ಫೇಟು ನೀರನ್ನು ಹೀರುವಾಗ ನಳಿಗೆ ಕೈಗೆ ತಿಳಿಯುವಷ್ಟು ಬಿಸಿಯಾಗುತ್ತದೆ. ಶಾಖವನ್ನು ತಾಳದ ಔಷಧಿಗಳಿಗಾಗಿ ನಳಿಗೆಯನ್ನು ತಣ್ಣಗಿಡುವರು. ಪುಣೆಯ ಬಳಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಈಥೈಲ್ ಅಸಿಟೇಟನ್ನು ಬಳಸುವ ವಿಧಾನವನ್ನು ನಮ್ಮ ದ್ರಾಕ್ಷಿಗೆ ಹೊಂದಿಸಿ ೨೦೦೭ರಲ್ಲಿ ಪ್ರಕಟಿಸಿದರು. ನೂರಾರು ಔಷಧಿಗಳನ್ನು ಒಂದೇ ಎಳೆತಕ್ಕೆ ಹಿಡಿಯುವ ಇಂತಹ ವಿಧಾನಗಳು ನಿಜವಾಗಿಯೂ ದೊಡ್ಡ ಸಾಧನೆ.

ನೂರಾರನ್ನು ಹಿಡಿಯುವ ಬಲೆ ಎಲ್ಲವನ್ನೂ ಹಿಡಿಯುತ್ತದೆಂದು ತಿಳಿಯಬಾರದು. ೨೦೧೦ರಲ್ಲಿ ನಡೆದುದನ್ನು ದ್ರಾಕ್ಷಿ ಬೆಳೆಗಾರರು ಇಂದಿಗೂ ಮರೆತಿಲ್ಲ. ಇಲ್ಲಿ ಪರೀಕ್ಷೆಯಾಗಿ, ಪ್ರಮಾಣಪತ್ರ ಪಡೆದು, ಹಡಗೇರಿದ ಭಾರತದ ದ್ರಾಕ್ಷಿಯಲ್ಲಿ ಯುರೋಪಿನ ಪ್ರಯೋಗಾಲಯಗಳು ಕ್ಲೋರ್‌ಮೆಕ್ವಾಟ್ ಕ್ಲೋರೈಡನ್ನು ಕಂಡವು. ಅದು ಕೀಟನಾಶಕವಲ್ಲ; ಬಳ್ಳಿಯ ಅತಿಯಾದ ಬೆಳವಣಿಗೆಯನ್ನು ತಡೆದು ಫಲ ಹೆಚ್ಚಿಸಲು ಸಿಂಪಡಿಸುತ್ತಿದ್ದ ಬೆಳವಣಿಗೆಯ ನಿಯಂತ್ರಕ. ಅಲ್ಲಿಯ ಮಿತಿ ಕಿಲೋಗ್ರಾಮಿಗೆ ೦.೦೫ ಮಿಲಿಗ್ರಾಂ. ಹಣ್ಣು ತಿರಸ್ಕೃತವಾಯಿತು, ಬೆಳೆಗಾರರಿಗೂ ವರ್ತಕರಿಗೂ ಭಾರಿ ನಷ್ಟವಾಯಿತು. ಇಲ್ಲಿಯ ಪರೀಕ್ಷೆಯ ಪಟ್ಟಿಯಲ್ಲಿ ಆಗ ಆ ಹೆಸರೇ ಇರಲಿಲ್ಲ. ಪಟ್ಟಿಗೆ ಹೆಸರು ಸೇರಿಸಿದ್ದರೆ ಸಾಕಾಗುತ್ತಿತ್ತೇ ಎಂದರೆ, ಅದೂ ಇಲ್ಲ. ಕ್ಲೋರ್‌ಮೆಕ್ವಾಟ್ ಉಪ್ಪಿನ ಜಾತಿಯದು. ಈಥೈಲ್ ಅಸಿಟೇಟಿನಿಂದ ಎಷ್ಟು ಸಲ ಎಳೆದರೂ ಅದು ಹಣ್ಣಿನ ನೀರನ್ನು ಬಿಟ್ಟು ಬಾರದು. ಆ ದ್ರಾವಣದಲ್ಲಿ ಹುಡುಕಿದವನು ಅತ್ಯುತ್ತಮ ಯಂತ್ರದ ಮುಂದೆ ಕುಳಿತಿದ್ದರೂ ಪ್ರಾಮಾಣಿಕವಾಗಿಯೇ ‘ಕಂಡುಬರಲಿಲ್ಲ’ ಎಂದು ಬರೆಯುತ್ತಿದ್ದನು. ಅದಕ್ಕೆ ನೀರನ್ನೂ ಆಮ್ಲ ಬೆರೆಸಿದ ಮೀಥನಾಲನ್ನೂ ಬಳಸುವ ಬೇರೆಯೇ ದಾರಿ ಬೇಕು. ಸಾಕ್ಷಿ ಸುಳ್ಳು ಹೇಳಲಿಲ್ಲ. ಕತ್ತಲೆಯಲ್ಲಿ ನಿಂತು ನಿಜವನ್ನೇ ಹೇಳಿದಂತಾಯಿತು. ಮೀಮಾಂಸಕರು ‘ಯೋಗ್ಯ’ ಎಂಬ ವಿಶೇಷಣವನ್ನು ಏಕೆ ಸೇರಿಸಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ದ್ರಾವಕ ಸರಿಯಾಗಿದ್ದರೂ ಹುಳಿ-ಕ್ಷಾರಗಳ ಹದ ತಪ್ಪಿದರೆ ಮತ್ತೆ ತೊಡಕು. ಶಿಲೀಂಧ್ರನಾಶಕವಾದ ಕ್ಯಾಪ್ಟಾನ್ ಹುಳಿಯಾದ ಹಣ್ಣಿನಲ್ಲಿ ಸ್ವಲ್ಪಕಾಲ ತಾಳುತ್ತದೆ. ಕ್ಷಾರಗುಣದ ದ್ರವದಲ್ಲಿ ನಿಮಿಷಗಳಲ್ಲಿ ಒಡೆದು ಟೆಟ್ರಾಹೈಡ್ರೋಥ್ಯಾಲಿಮೈಡ್ ಎಂಬುದಾಗುತ್ತದೆ. ಮೊದಲು ಬಂದ ಕ್ವೆಚರ್ಸ್ ವಿಧಾನದಲ್ಲಿ ಈ ಹದವನ್ನು ಕಾಯುವ ಏರ್ಪಾಡು ಇರಲಿಲ್ಲ. ಬಳಿಕ ೨೦೦೭ರಲ್ಲಿ ಅಮೆರಿಕದ ವಿಧಾನ ಅಸಿಟೇಟನ್ನೂ, ೨೦೦೮ರಲ್ಲಿ ಯುರೋಪಿನ ವಿಧಾನ ಸಿಟ್ರೇಟನ್ನೂ ಸೇರಿಸಿಕೊಂಡು, ತರಕಾರಿ ಯಾವುದಾದರೂ ದ್ರವದ ಹದ ಸುಮಾರು ಐದರ ಅಂಕದಲ್ಲಿ ನಿಲ್ಲುವಂತೆ ಮಾಡಿದವು. ಅಷ್ಟು ಮಾಡಿದರೂ ಕ್ಯಾಪ್ಟಾನಿನ ನಾಶ ಪೂರ್ತಿ ತಪ್ಪದೆಂದು ಕಂಡು, ಯುರೋಪಿನ ನಿಯಮವು ಈಗ ಕ್ಯಾಪ್ಟಾನನ್ನೂ ಅದು ಒಡೆದು ಆದುದನ್ನೂ ಕೂಡಿಯೇ ಲೆಕ್ಕ ಹಿಡಿಯುತ್ತದೆ. ಗಡಿಗೆ ಇಲ್ಲದಿದ್ದರೂ ಓಡುಗಳನ್ನು ಎಣಿಸಿ ಗಡಿಗೆಯಿತ್ತೆಂದು ತೀರ್ಮಾನಿಸಿದಂತೆ. ಇದು ನ್ಯಾಯವಾದ ಕ್ರಮವೆಂದು ನನ್ನ ಅಭಿಪ್ರಾಯ.

ಇದಕ್ಕೆ ನೇರ ವಿರುದ್ಧವಾದುದು ೨,೪-ಡಿ ಎಂಬ ಕಳೆನಾಶಕ. ಗೋಧಿ, ಮೆಕ್ಕೆಜೋಳ, ಕಬ್ಬಿನ ಹೊಲಗಳಲ್ಲಿ ಇದರ ಬಳಕೆ ಹೆಚ್ಚು. ಗಿಡದೊಳಗೆ ಹೊಕ್ಕ ಮೇಲೆ ಇದರ ಒಂದು ಭಾಗ ಸಸ್ಯದ ಸ್ವಂತ ದ್ರವ್ಯಗಳೊಡನೆ ಕೂಡಿಕೊಂಡು ಅಡಗಿ ಕೂರುತ್ತದೆ. ಹಾಗೆ ಕೂಡಿಕೊಂಡುದನ್ನೂ ಸೇರಿಸಿ ಹೇಳಬೇಕೆಂದು ಯುರೋಪಿನ ನಿಯಮ. ಅದನ್ನು ಬಿಡಿಸಬೇಕಾದರೆ ಮೊದಲು ಕ್ಷಾರದಲ್ಲಿ ಕೆಲಕಾಲ ಇಟ್ಟು, ಬಳಿಕ ಆಮ್ಲ ಹಾಕಿ ಹುಳಿಮಾಡಿ, ಆಮೇಲೆ ಎಳೆಯಬೇಕು. ಕ್ಷಾರದ ಹೆಜ್ಜೆಯನ್ನು ಬಿಟ್ಟ ಪ್ರಯೋಗಾಲಯದವನಿಗೆ ದೊರೆಯುವ ಅಂಕ ಚಿಕ್ಕದು. ಯಾವ ಕ್ಷಾರ ಕ್ಯಾಪ್ಟಾನಿಗೆ ಮೃತ್ಯುವೋ ಅದೇ ಕ್ಷಾರ ೨,೪-ಡಿಗೆ ಬಿಡುಗಡೆ! ಹೀಗಿರುವಾಗ ಒಂದೇ ನಳಿಗೆಯಲ್ಲಿ ಎರಡನ್ನೂ ಸರಿಯಾಗಿ ಅಳೆಯುವೆನೆನ್ನುವುದು ಸಲ್ಲದ ಮಾತು.

ಮ್ಯಾಂಕೋಜೆಬ್ ಎಂಬ ಔಷಧಿಯ ಕಥೆ ಇನ್ನೂ ವಿಚಿತ್ರ. ದ್ರಾಕ್ಷಿಯ ಬೂಜುರೋಗಕ್ಕೆ ರೈತರು ಬಹಳವಾಗಿ ನೆಚ್ಚಿರುವುದು ಇದನ್ನೇ. ಇದು ಸಾಮಾನ್ಯವಾದ ಯಾವ ದ್ರಾವಕದಲ್ಲಿಯೂ ಸರಿಯಾಗಿ ಕರಗದು. ಆದುದರಿಂದ ಇದನ್ನು ಎಳೆಯುವ ಪ್ರಯತ್ನವನ್ನೇ ಬಿಟ್ಟು, ಸ್ಟ್ಯಾನಸ್ ಕ್ಲೋರೈಡು ಬೆರೆತ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಡೆದು, ಹೊರಟುಬರುವ ಕಾರ್ಬನ್ ಡೈಸಲ್ಫೈಡನ್ನು ಅಳೆಯುವರು. ಈ ಗುಂಪಿನ ಔಷಧಿಗಳೆಲ್ಲ ಅದನ್ನೇ ಕೊಡುವುದರಿಂದ ಯಾವುದನ್ನು ಸಿಂಪಡಿಸಿತ್ತೆಂಬುದು ವರದಿಯಿಂದ ತಿಳಿಯದು. ಅದಕ್ಕಿಂತ ಮುಖ್ಯವಾದುದು ಮತ್ತೊಂದುಂಟು. ಎಲೆಕೋಸು ಹೂಕೋಸುಗಳ ಜಾತಿಯ ತರಕಾರಿಗಳು ಯಾವ ಔಷಧಿಯೂ ತಗುಲದೆ ಇದ್ದರೂ ಈ ಪರೀಕ್ಷೆಯಲ್ಲಿ ಸ್ವಭಾವತಃ ಸ್ವಲ್ಪ ಕಾರ್ಬನ್ ಡೈಸಲ್ಫೈಡನ್ನು ಬಿಡುತ್ತವೆ. ಇದ್ದುದು ಕಾಣದಿರುವುದೊಂದು ದೋಷವಾದರೆ ಇಲ್ಲದುದು ಕಾಣುವುದು ಇನ್ನೊಂದು. ಸಿಂಪಡಿಸದ ಕೋಸಿನ ರೈತನು ಈ ಅಂಕದಿಂದ ಅಪರಾಧಿಯೆನಿಸಬಾರದು.

ಒಣಗಿದ ಪದಾರ್ಥಗಳಿಗೆ ಬೇರೆ ಉಪಚಾರ ಬೇಕು. ಒಣದ್ರಾಕ್ಷಿ, ಹಿಟ್ಟು, ಮಸಾಲೆಗಳಲ್ಲಿ ನೀರಿಲ್ಲದೆ ಅಂಗಾಂಶ ಬಿಗಿದುಕೊಂಡಿರುತ್ತದೆ. ಒಣ ಪದಾರ್ಥಕ್ಕೆ ಅಸಿಟೋನೈಟ್ರೈಲ್ ಸುರಿದರೆ ಒಳಹೊಗದು. ಆದುದರಿಂದ ೫ ಗ್ರಾಂ ಹಿಟ್ಟಿಗೆ ೧೦ ಮಿಲಿಲೀಟರಿನಂತೆ ನೀರು ಸೇರಿಸಿ ನೆನೆಯಿಸಿದ ಮೇಲೆಯೇ ಎಳೆಯುವುದು. ಎಷ್ಟು ಹೊತ್ತು ನೆನೆಯಿಸಿದನೆಂಬುದೂ ಫಲವನ್ನು ಬದಲಾಯಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ತೆಗೆದುಕೊಳ್ಳಿ. ಅದರ ಕೆಂಪು ಬಣ್ಣವನ್ನೇ ದ್ರಾವಕಗಳಿಂದ ಎಳೆದು ಮಾರುವ ಉದ್ಯಮ ನಡೆಯುತ್ತದೆ. ಔಷಧಿಯನ್ನು ಎಳೆಯಹೋದ ದ್ರಾವಕ ಈ ಬಣ್ಣವನ್ನೂ ಎಣ್ಣೆಯನ್ನೂ ಜೊತೆಗೆ ಹೊತ್ತುಕೊಂಡು ಬರುತ್ತದೆ. ಅವು ಯಂತ್ರದ ದೃಷ್ಟಿಯನ್ನು ಮಂಕುಮಾಡುತ್ತವೆ. ಇದ್ದಿಲಿನಂತಹ ಪುಡಿಯಿಂದ ಬಣ್ಣ ತೆಗೆದರೆ ಥಯಾಬೆಂಡಜೋಲ್, ಕ್ಲೋರೋಥಲೋನಿಲ್ ಮೊದಲಾದ, ಹಲಗೆಯಂತೆ ಚಪ್ಪಟೆಯಾದ ಅಣುಗಳೂ ಆ ಪುಡಿಗೆ ಅಂಟಿಕೊಂಡು ಹೋಗುತ್ತವೆ. ಕೊಳೆ ತೊಳೆಯಹೋಗಿ ಬಟ್ಟೆಯ ಬಣ್ಣವೂ ಹೋದಂತೆ. ಎಷ್ಟು ಶುದ್ಧಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅನುಭವದ ವಿಷಯ.

ಹಾಗಾದರೆ ಪ್ರಯೋಗಾಲಯದವನು ತನ್ನ ಎಳೆತ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಔಷಧಿ ತಗುಲದ ಹಣ್ಣಿಗೆ ತಾನೇ ಗೊತ್ತಾದ ಅಳತೆಯ ಔಷಧಿಯನ್ನು ಬೆರೆಸಿ, ಎಳೆದು, ಎಷ್ಟು ಹಿಂದಿರುಗಿತೆಂದು ನೋಡುವನು. ನೂರು ಹಾಕಿದಲ್ಲಿ ಸರಾಸರಿ ೭೦ರಿಂದ ೧೨೦ರ ಒಳಗೆ ಬಂದರೆ ವಿಧಾನ ಒಪ್ಪಿತವೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಪರೀಕ್ಷೆ ಒಳ್ಳೆಯದೇ; ಆದರೆ ಅದರಲ್ಲಿ ಒಂದು ಒಳಗುಟ್ಟಿದೆ. ಈಗತಾನೇ ಪಿಪೆಟ್ಟಿನಿಂದ ಬಿದ್ದ ಔಷಧಿ ಮೇಲೆಯೇ ಇರುತ್ತದೆ, ಕರೆದೊಡನೆ ಹೊರಗೆ ಬರುತ್ತದೆ. ತೋಟದಲ್ಲಿ ಮೂರು ವಾರ ಬಿಸಿಲುಂಡು, ಸಿಪ್ಪೆಯ ಮೇಣದಲ್ಲಿ ಇಳಿದು, ತಿರುಳಿನೊಡನೆ ನೆಂಟಸ್ತಿಕೆ ಬೆಳೆಸಿದ ಔಷಧಿ ಅಷ್ಟು ಸುಲಭವಾಗಿ ಬಾರದು. ಅತಿಥಿಯನ್ನು ಎಬ್ಬಿಸುವುದಕ್ಕೂ ಮನೆಯ ಅಳಿಯನನ್ನು ಎಬ್ಬಿಸುವುದಕ್ಕೂ ಇರುವಷ್ಟು ಅಂತರ! ಇದನ್ನು ತಿಳಿಯಲೆಂದೇ ವಿಕಿರಣಶೀಲ ಇಂಗಾಲದ ಗುರುತು ಹಾಕಿದ ಔಷಧಿಯನ್ನು ಜೀವಂತ ಬೆಳೆಗೆ ಸಿಂಪಡಿಸಿ, ಎಳೆದ ಮೇಲೆ ತಿರುಳಿನಲ್ಲಿ ಗುರುತು ಎಷ್ಟು ಉಳಿಯಿತೆಂದು ನೋಡುವ ಕ್ರಮವಿದೆ. ಅದು ದುಬಾರಿಯ ಕೆಲಸ. ಊರಿನ ಪ್ರಯೋಗಾಲಯದಲ್ಲಿ ಆಗುವಂತಹುದಲ್ಲ. ಔಷಧಿ ತಯಾರಿಸುವ ಕಂಪನಿಯವರು ಪರವಾನಗಿ ಪಡೆಯುವ ಮುನ್ನವೇ ಮಾಡಿ ತೋರಿಸತಕ್ಕದ್ದು.

ಈ ಅಂತರದ ಬೆಲೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಹಣ್ಣಿನಲ್ಲಿ ನಿಜವಾಗಿ ಕಿಲೋಗ್ರಾಮಿಗೆ ೦.೦೨ ಮಿಲಿಗ್ರಾಂ ಔಷಧಿ ಇದೆಯೆನ್ನೋಣ; ಮಿತಿ ೦.೦೧. ನೂರಕ್ಕೆ ೯೦ ಪಾಲು ಎಳೆದ ಪ್ರಯೋಗಾಲಯವು ೦.೦೧೮ ಎನ್ನುತ್ತದೆ, ೪೦ ಪಾಲು ಮಾತ್ರ ಎಳೆದುದು ೦.೦೦೮ ಎನ್ನುತ್ತದೆ. ಎರಡನೆಯ ಪ್ರಯೋಗಾಲಯವು ೦.೦೧ಕ್ಕಿಂತ ಕೆಳಗಿನ ಅಂಕವನ್ನು ಬರೆಯದ ಪದ್ಧತಿಯವರದಾದರೆ ಆ ಕಾಗದದಲ್ಲಿ ಕಾಣುವುದು ‘ಕಂಡುಬರಲಿಲ್ಲ’ ಎಂಬುದೇ. ಹಣ್ಣು ಒಂದು, ತೋಟ ಒಂದು, ಫಲ ಎರಡು. ಇಂತಹ ವ್ಯತ್ಯಾಸಗಳನ್ನು ಅರಿತೇ ಯುರೋಪಿನ ಅಧಿಕಾರಿಗಳು ಫಲದಲ್ಲಿ ನೂರಕ್ಕೆ ೫೦ರಷ್ಟು ಅನಿಶ್ಚಯವನ್ನು ಕಳೆದ ಮೇಲೂ ಮಿತಿ ಮೀರಿದ್ದರೆ ಮಾತ್ರ ದಂಡಿಸುವರು, ೦.೦೧ರ ಮಿತಿಗೆ ೦.೦೨ನ್ನು ದಾಟಿದಾಗ ಮಾತ್ರ. ಈ ಔದಾರ್ಯ ಅಧಿಕಾರಿಗಳದು. ಕೊಳ್ಳುವ ದೊಡ್ಡ ವರ್ತಕರು ತಮ್ಮದೇ ಕಟ್ಟುಪಾಡು ಹಾಕುವಾಗ ಇದನ್ನು ತೋರಬೇಕಾಗಿಲ್ಲ.

ಪ್ರಯೋಗಾಲಯದವರನ್ನು ಸಂಶಯದಿಂದ ನೋಡಬೇಕೆಂದು ಇಷ್ಟನ್ನು ಬರೆದುದಲ್ಲ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿ ಇದಕ್ಕಾಗಿಯೇ ಪ್ರಯೋಗಾಲಯವಿದೆ. ಅಲ್ಲಿಯಂತಹ ವಿದ್ವಾಂಸರಿಗೆ ಇಲ್ಲಿ ಹೇಳಿದುದೆಲ್ಲ ಅಕ್ಷರಾಭ್ಯಾಸದ ಪಾಠ. ಅವರು ಕೇಳಿದರೆ ಹೇಳುವರು; ನಾವು ಕೇಳುವುದಿಲ್ಲ. ವರದಿ ಕೈಗೆ ಬಂದಾಗ ಬೆಳೆಗಾರನಾಗಲಿ, ಪ್ರಸಾದನಿಲಯಕ್ಕೆ ದವಸ ಕೊಳ್ಳುವವರಾಗಲಿ ಕೊನೆಯ ಸಾಲಿನ ‘ತೇರ್ಗಡೆ’ಯನ್ನು ಮಾತ್ರ ನೋಡದೆ, ಎಳೆದ ವಿಧಾನದ ಹೆಸರೇನು, ಪ್ರತಿ ಔಷಧಿಗೂ ಅಳೆಯಬಲ್ಲ ಕನಿಷ್ಠ ಪ್ರಮಾಣವೆಷ್ಟು, ಹಿಂದಿರುಗಿದ ಪಾಲು ನೂರಕ್ಕೆಷ್ಟು ಎಂದು ವಿಚಾರಿಸಬಹುದು. ದ್ರಾಕ್ಷಿಯ ಮಟ್ಟಿಗೆ ಇನ್ನೊಂದು ಮಾತು. ಚಾಟಣಿಗೆ ಮುನ್ನ ಎಲೆಯುದುರಿಸಲು ಬಳಸುವ ಎಥೆಫಾನ್, ಸಾಲುಗಳ ಕಳೆಗೆ ಹೊಡೆಯುವ ಗ್ಲೈಫೋಸೇಟ್, ಹಿಂದೆ ಹೇಳಿದ ಕ್ಲೋರ್‌ಮೆಕ್ವಾಟ್ ಇವು ಮೂರೂ ಉಪ್ಪಿನ ಜಾತಿಗೆ ಸೇರಿದವು. ಇವುಗಳಿಗೆ ಬೇರೆ ಎಳೆತ, ಬೇರೆ ಶುಲ್ಕ. ಕ್ವೆಚರ್ಸ್ ವಿಧಾನದ ಒಂದೇ ವರದಿಯಲ್ಲಿ ನೂರಾರು ಹೆಸರುಗಳಿದ್ದು ಈ ಮೂರು ಹೆಸರುಗಳಿಲ್ಲದಿದ್ದರೆ, ಆ ಮೂರನ್ನು ಯಾರೂ ಹುಡುಕಿಲ್ಲವೆಂದೇ ಅರ್ಥ.